ಗೋಪನಪಲ್ಲಿಯ ಹನಿಯೊಳಗಿನ ಅಲೆ

ಕಳೆದ ವರ್ಷ ಅಪ್ಪನನ್ನು ಮಾನ್ವಿಯಿಂದ ಹೈದರಾಬಾದಿಗೆ ಕರೆತಂದು ಆರು ವಾರ ರೇಡಿಯೇಷನ್ ಕೊಡಿಸಿದೆ. ಮಷೀನಿನ ಕೆಳಗೆ ಮಲಗುವುದು ದಿನಕ್ಕೆ ಹತ್ತು ನಿಮಿಷ. ಅಷ್ಟಕ್ಕಾಗಿ ಅವರು ಹೊಲ, ಮನೆ, ಗೆಳೆಯರನ್ನೆಲ್ಲ ಬಿಟ್ಟು ನನ್ನ ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಇರಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಬೀದರಿನವರು, ಕಲಬುರಗಿಯವರು ಸಿಗುತ್ತಿದ್ದರು. ಒಂದು ದಿನ ಅಪ್ಪ ಕೇಳಿದರು: "ಈ ಮಷೀನು ನಮ್ಮ ಊರಿಗೆ ಯಾಕ ಬರೂದಿಲ್ಲ?"

ಉತ್ತರ ಹುಡುಕುತ್ತಾ ಹೊರಟವನಿಗೆ ಅದರ ಒಂದು ತುಣುಕು ನನ್ನ ಆಫೀಸಿನಿಂದ ಸ್ವಲ್ಪ ದೂರದಲ್ಲೇ ಸಿಕ್ಕಿತು.

ಆ ಮಷೀನು ಮೊದಲು ಎಲೆಕ್ಟ್ರಾನುಗಳನ್ನು ವೇಗವಾಗಿ ಓಡಿಸುತ್ತದೆ. ಅವು ಲೋಹಕ್ಕೆ ಬಡಿದಾಗ ಎಕ್ಸ್-ರೇ ಹುಟ್ಟುತ್ತದೆ. ಓಡಿಸಲು ಲೋಹದ ಕೊಳವೆಯೊಳಗೆ ವಿದ್ಯುತ್ ಕ್ಷೇತ್ರ ಬೇಕು. ಅದನ್ನು ತೀರಾ ಹೆಚ್ಚಿಸಿದರೆ ಕಿಡಿ ಹಾರಿ ಕೊಳವೆಯೇ ಹಾಳಾಗುತ್ತದೆ. ಹೀಗಾಗಿ ಹೆಚ್ಚು ಶಕ್ತಿ ಬೇಕೆಂದರೆ ಕೊಳವೆ ಉದ್ದವಾಗಬೇಕು.

ಪ್ಲಾಸ್ಮಾಕ್ಕೆ ಈ ಭಯವಿಲ್ಲ. ಅಲ್ಲಿ ಎಲೆಕ್ಟ್ರಾನುಗಳು ಪರಮಾಣುವಿನಿಂದ ಆಗಲೇ ಕಿತ್ತುಬಂದಿರುತ್ತವೆ. ಇನ್ನು ಹಾಳಾಗಲು ಏನೂ ಉಳಿದಿಲ್ಲ. ಹುಸೇನ್ ಸಾಗರದಲ್ಲಿ ಮೋಟಾರ್ ಬೋಟ್ ಹೋದಾಗ ಅದರ ಹಿಂದೆ ಅಲೆ ಏಳುವುದನ್ನು ನೋಡಿದ್ದೀರಲ್ಲ? ಪ್ಲಾಸ್ಮಾದೊಳಗೆ ಲೇಸರ್ ಮಿಡಿತ ನುಗ್ಗಿದರೂ ಹಾಗೆಯೇ. ಹಗುರವಾದ ಎಲೆಕ್ಟ್ರಾನುಗಳು ಪಕ್ಕಕ್ಕೆ ಸರಿಯುತ್ತವೆ, ಭಾರದ ಅಯಾನುಗಳು ನಿಂತಲ್ಲೇ ಇರುತ್ತವೆ, ಹಿಂದೆ ಅಲೆ ಏಳುತ್ತದೆ. ಆ ಅಲೆಯ ಇಳಿಜಾರು ಹತ್ತಿದ ಎಲೆಕ್ಟ್ರಾನು ತೆರೆ ಸವಾರಿ ಮಾಡುತ್ತದೆ. 1979ರಲ್ಲಿ ತೊಶಿಕಿ ತಜಿಮಾ ಮತ್ತು ಜಾನ್ ಡಾಸನ್ ಈ ಉಪಾಯ ಮುಂದಿಟ್ಟರು. ಲೋಹದ ಕೊಳವೆಗಿಂತ ಸಾವಿರ ಪಟ್ಟು ಬಲವಾದ ಕ್ಷೇತ್ರ ಹೀಗೆ ಸಾಧ್ಯ. 2019ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ಕೇವಲ 20 ಸೆಂಟಿಮೀಟರಿನಲ್ಲಿ ಎಲೆಕ್ಟ್ರಾನುಗಳಿಗೆ 780 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟರು. ಆದರೆ ಅವರ ಲೇಸರ್ ದೈತ್ಯ ಗಾತ್ರದ್ದು.

ನಮ್ಮ ಐಟಿ ಕಾರಿಡಾರಿಗೆ ಅಂಟಿಕೊಂಡೇ ಇರುವ ಗೋಪನಪಲ್ಲಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರವಿದೆ. ಅಲ್ಲಿ ಎಂ. ಕೃಷ್ಣಮೂರ್ತಿಯವರ ತಂಡ ಚಿಕ್ಕ ಲೇಸರಿನಿಂದಲೇ ಕೆಲಸ ಸಾಧಿಸಲು ಹೊರಟಿತು. 2024ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಬಳಸಿದ್ದು ಕೂದಲಿಗಿಂತ ಸಣ್ಣದಾದ, 15 ಮೈಕ್ರಾನಿನ ಮೆಥನಾಲ್ ಹನಿ. ಮೊದಲ ಲೇಸರ್ ಮಿಡಿತ ಹನಿಯನ್ನು ಬಟ್ಟಲಿನಂತೆ ಕುಳಿಯಾಗಿಸುತ್ತದೆ. ಬೆನ್ನಿಗೇ ಬರುವ ಎರಡನೆಯದು ಅಲ್ಲಿನ ಪ್ಲಾಸ್ಮಾದಲ್ಲಿ ಅಲೆಗಳನ್ನು ಎಬ್ಬಿಸುತ್ತದೆ. ಇಲ್ಲಿ ಅಲೆ ಏಳುವ ಬಗೆ ಬೋಟಿನದಲ್ಲ: ಬೆಳಕಿನ ಶಕ್ತಿ ಎರಡು ಪ್ಲಾಸ್ಮಾ ಅಲೆಗಳಾಗಿ ಹಂಚಿಹೋಗುತ್ತದೆ. ಅವುಗಳಿಗೆ ಸಿಕ್ಕ ಎಲೆಕ್ಟ್ರಾನುಗಳು 10 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಮಟ್ಟ ಮುಟ್ಟುತ್ತವೆ.

ಇದಕ್ಕೆ ತಗಲಿದ ಲೇಸರ್ ಶಕ್ತಿ 2 ಮಿಲಿಜೂಲ್. ಒಂದು ಗ್ರಾಂ ತೂಕವನ್ನು ಒಂದು ಗೇಣಿನಷ್ಟು ಎತ್ತಲು ಸಾಕಾಗುವಷ್ಟು! ಅದನ್ನು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ ಸುರಿಯುವುದೇ ಗುಟ್ಟು. ಸಾಮಾನ್ಯವಾಗಿ ಬೇಕಾಗುವುದರ ನೂರನೇ ಒಂದು ಭಾಗದ ತೀವ್ರತೆ ಸಾಕಾಯಿತು. ಸೆಕೆಂಡಿಗೆ ಸಾವಿರ ಸಲ ಹೀಗೆ ಮಾಡಬಹುದು.

ಹಾಗಾದರೆ ಮಾನ್ವಿಗೆ ಮಷೀನು ಬಂತೇ? ಇಲ್ಲ. ಆಸ್ಪತ್ರೆಯ ಯಂತ್ರಕ್ಕೆ ಸಾಮಾನ್ಯವಾಗಿ 60 ಲಕ್ಷ ಎಲೆಕ್ಟ್ರಾನ್ ವೋಲ್ಟಾದರೂ ಬೇಕು, ದಿನದಿನವೂ ಅಳತೆ ತಪ್ಪದ ಕಿರಣ ಬೇಕು. ಹನಿಯಿಂದ ಹೊರಡುವ ಎಲೆಕ್ಟ್ರಾನುಗಳ ಶಕ್ತಿ ಒಂದೇ ಸಮನಿಲ್ಲ. ಯಂತ್ರ ಎಷ್ಟೇ ಚಿಕ್ಕದಾದರೂ ಎಕ್ಸ್-ರೇ ತಡೆಯುವ ದಪ್ಪ ಗೋಡೆ, ನುರಿತ ವೈದ್ಯರು, ಭೌತವಿಜ್ಞಾನಿಗಳು ಬೇಕೇ ಬೇಕು. ಈ ಹನಿಯ ಸದ್ಯದ ಗುರಿ ಬೇರೆ: ವಸ್ತುಗಳನ್ನು ಒಡೆಯದೆ ಒಳಗೆ ನೋಡುವುದು, ಸೂಕ್ಷ್ಮ ಚಿತ್ರ ತೆಗೆಯುವುದು.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಕೊನೆಯವರೆಗೂ ಕೇಳಿ, "ಅಂದ್ರ ನನ್ನ ಕಾಲಕ್ಕ ಆಗೂದಲ್ಲ, ಮೊಮ್ಮಕ್ಕಳ ಕಾಲಕ್ಕ ಆಗಬಹುದು ಅನ್ನು" ಎಂದರು. ಹೌದೆಂದು ಮಾತು ಕೊಡಲು ನನಗೆ ಧೈರ್ಯ ಬರಲಿಲ್ಲ. ಮುಂದಿನ ತಿಂಗಳು ಚೆಕಪ್ಪಿಗೆ ಬರುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾರನ್ನು ಗೋಪನಪಲ್ಲಿಯ ಕಡೆ ತಿರುಗಿಸಬೇಕು ಅಂದುಕೊಂಡಿದ್ದೇನೆ. ಗೇಟಿನ ಹೊರಗಿನಿಂದಾದರೂ ತೋರಿಸುತ್ತೇನೆ.