ಹೆಸರಿಲ್ಲದ ಧ್ವನಿವರ್ಧಕದ ಕುಲಗೋತ್ರ

ಹಳೆಯ ಮನೆಗಳ ಅಟ್ಟದಿಂದಲೋ ಗುಜರಿ ಅಂಗಡಿಯ ರಾಶಿಯಿಂದಲೋ ಒಮ್ಮೊಮ್ಮೆ ಬೆಳಕಿಗೆ ಬರುವ ರೇಡಿಯೋ ಧ್ವನಿವರ್ಧಕಗಳಲ್ಲಿ ಬಹುಪಾಲು ಅನಾಮಧೇಯಗಳು. ಪೆಟ್ಟಿಗೆ ಗೆದ್ದಲಿಗೆ ತುತ್ತಾಗಿ, ತಯಾರಕರ ಚೀಟಿ ಎಂದೋ ಉದುರಿಹೋಗಿ, ತುಕ್ಕು ಹಿಡಿದ ಚೌಕಟ್ಟು, ಹರಿದ ಕಾಗದದ ಕೋನು, ಎಲ್ಲಿಗೆ ಸೇರಬೇಕೆಂದು ತಿಳಿಯದ ನಾಲ್ಕಾರು ತಂತಿಗಳು, ಇಷ್ಟೇ ಉಳಿದಿರುತ್ತವೆ. ಇಂತಹುದನ್ನು ಕಂಡೊಡನೆ ತೂಕಕ್ಕೆ ಹಾಕುವವರೇ ಹೆಚ್ಚು. ಆದರೆ ಈ ಕಸುಬನ್ನು ಬಲ್ಲವರು, ಹೆಸರು ಅಳಿದ ಮಾತ್ರಕ್ಕೆ ಕುಲಗೋತ್ರ ಅಳಿಯಲಿಲ್ಲವೆಂದರಿತು, ಕಾಂತ, ಸುರುಳಿ, ಕಾಗದಗಳನ್ನೇ ಸಾಕ್ಷಿಗೆ ಕರೆಯುತ್ತಾರೆ.

ಮೊದಲು ನಿರ್ಣಯವಾಗಬೇಕಾದುದು ಅದರ ಜಾತಿ. 1920ರ ದಶಕದ ಆದಿಯಲ್ಲಿ ಮನೆಗಳಿಗೆ ಬಂದ ಕಹಳೆಯಾಕಾರದ ಸ್ಪೀಕರು, ಲಂಡನ್ನಿನ ಆಂಪ್ಲಿಯನ್ನಿನಂಥದು, ಮೂಲತಃ ಟೆಲಿಫೋನಿನ ಶ್ರವಣಯಂತ್ರವೇ ಹೊರತು ಬೇರೆಯಲ್ಲ. ತೆಳುವಾದ ಕಬ್ಬಿಣದ ಬಿಲ್ಲೆಯ ಕಂಪನವನ್ನು ಕಹಳೆ ಹಿಗ್ಗಿಸುತ್ತಿತ್ತು. ಅನಂತರ ಬಂದುದು ಕಾಂತದ ಧ್ರುವಗಳ ನಡುವೆ ತೂಗಾಡುವ ಕಬ್ಬಿಣದ ನಾಲಗೆಯೊಂದು ಸೂಜಿಯಂತಹ ಕಡ್ಡಿಯ ಮೂಲಕ ಕಾಗದದ ಕೋನನ್ನು ದೂಡುವ ಬಗೆ. ಮೂರನೆಯದರಲ್ಲಿ ಚಲಿಸುವುದು ಕಬ್ಬಿಣವಲ್ಲ, ಸುರುಳಿ. ಆಲಿವರ್ ಲಾಡ್ಜ್ 1898ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದರೂ, ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಕ್ಯಾಲಿಫೋರ್ನಿಯದ ನಾಪಾ ಊರಿನಲ್ಲಿ 1915ರಲ್ಲಿ ಇದನ್ನು ಕಹಳೆಗೆ ಜೋಡಿಸಿದ್ದರೂ, ಕಹಳೆಯ ಹಂಗಿಲ್ಲದೆ ಕೋನೇ ನೇರವಾಗಿ ಗಾಳಿಯನ್ನು ನೂಕುವ ವಿನ್ಯಾಸವು ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಇಂಜಿನಿಯರರ 1925ರ ಪ್ರಬಂಧದಿಂದ ಸ್ಥಿರಪಟ್ಟಿತು. ಇಂದಿನ ಸ್ಪೀಕರುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಆ ವಂಶದವೇ.

ಜಾತಿಯನ್ನು ತಿಳಿಯಲು ಮೀಟರು ಸಾಕು. ಎರಡೇ ತಂತಿಗಳಿದ್ದು, ಅವುಗಳ ನಡುವಣ ರೋಧ ಸಾವಿರದಿಂದ ಎರಡು ಸಾವಿರ ಓಮುಗಳ ಆಸುಪಾಸಿನಲ್ಲಿದ್ದರೆ ಅದು ಹಳೆಯ ಕಬ್ಬಿಣದ ನಾಲಗೆಯ ಬಗೆ. ವಾಲ್ವಿನ ವಿದ್ಯುತ್ತು ನೇರವಾಗಿ ಅದರೊಳಗೆ ಹರಿಯುತ್ತಿದ್ದುದರಿಂದ ತಂತಿಗಳಿಗೆ ಧನ, ಋಣಗಳ ಗುರುತಿರುತ್ತದೆ, ಅದನ್ನು ಅದಲುಬದಲು ಮಾಡಿದರೆ ಕಾಂತ ಕ್ರಮೇಣ ದುರ್ಬಲವಾಗುತ್ತದೆ. ಮೂರು ನಾಲ್ಕು ಓಮ್ ಮಾತ್ರ ತೋರಿದರೆ ಅದು ಚಲಿಸುವ ಸುರುಳಿ. ಅದರ ಜೊತೆಗೆ ಸಾವಿರಾರು ಓಮಿನ ಇನ್ನೊಂದು ದಪ್ಪ ಸುರುಳಿ ಹಿಂಭಾಗದ ಕಬ್ಬಿಣದ ಕರಡಿಗೆಯಲ್ಲಿ ಅಡಗಿದ್ದರೆ, ನಮ್ಮ ಕೈಯಲ್ಲಿರುವುದು ಫೀಲ್ಡ್ ಕಾಯಿಲಿನ ಸ್ಪೀಕರು.

ಈ ಫೀಲ್ಡ್ ಕಾಯಿಲಿನ ವಿಷಯದಲ್ಲಿ ಕೊಂಚ ನಿಲ್ಲಬೇಕು. ಅಗ್ಗದ, ಪ್ರಬಲವಾದ ಶಾಶ್ವತ ಕಾಂತಗಳು ಇನ್ನೂ ಸುಲಭವಾಗಿ ದೊರೆಯದಿದ್ದ ಆ ಕಾಲದಲ್ಲಿ ವಿದ್ಯುತ್ತಿನಿಂದಲೇ ಕಾಂತತ್ವವನ್ನು ಪಡೆದರಲ್ಲದೆ, ಅದೇ ಸುರುಳಿಯನ್ನು ವಾಲ್ವುಗಳಿಗೆ ಹೋಗುವ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಚೋಕಾಗಿಯೂ ದುಡಿಸಿಕೊಂಡರು. ಆ ಏರಿಳಿತದ ಗುಂಯ್‌ಗುಡುವಿಕೆ ಕೋನಿಗೆ ತಾಕದಿರಲೆಂದು ಕೆಲವೇ ಸುತ್ತಿನ ಪುಟ್ಟ ಸುರುಳಿಯೊಂದನ್ನು ವಿರುದ್ಧ ದಿಕ್ಕಿನಲ್ಲಿ ಸೇರಿಸಿದ ಜಾಣ್ಮೆಯನ್ನು ಕಂಡಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದಾಗ ಪ್ರಪಂಚದ ರೇಡಿಯೋ ಪೆಟ್ಟಿಗೆಗಳಲ್ಲಿ ಈ ಬಗೆಯೇ ಮೆರೆಯುತ್ತಿತ್ತು. ಈ ಸುರುಳಿ ಚೋಕೂ ಆಗಿರುವುದರಿಂದ ಇಂಥ ಸ್ಪೀಕರನ್ನು ಕಿತ್ತೆಸೆದು ಹೊಸ ಸ್ಪೀಕರನ್ನು ಕೂರಿಸುವವನು ಸ್ಪೀಕರನ್ನಷ್ಟೇ ಅಲ್ಲ, ರೇಡಿಯೋದ ವಿದ್ಯುತ್ ಸರಬರಾಜಿನ ಒಂದಂಗವನ್ನೇ ಕಿತ್ತಂತಾಗುತ್ತದೆ. ಅದರ ಸ್ಥಾನದಲ್ಲಿ ತಕ್ಕ ಚೋಕನ್ನೂ ರೋಧವನ್ನೂ ಇಡದೆ ಆ ರೇಡಿಯೋ ಸರಿಯಾಗಿ ನಡೆಯದು.

ಕಾಲನಿರ್ಣಯಕ್ಕೆ ಅಮೆರಿಕದ ಸ್ಪೀಕರುಗಳು ಒಂದು ಉಪಕಾರವನ್ನು ಮಾಡುತ್ತವೆ. ಚೌಕಟ್ಟಿನ ಮೇಲೆ ಮುದ್ರಿತವಾದ ಅಂಕಿಗಳಲ್ಲಿ ಮೊದಲ ಮೂರು ತಯಾರಕರವು: 220 ಎಂದರೆ ಜೆನ್ಸನ್, 285 ಎಂದರೆ ರೋಲಾ, 328 ಎಂದರೆ ಯೂಟಾ. ಮುಂದಿನ ಅಂಕಿ ವರ್ಷದ ಕೊನೆಯದು, ಉಳಿದೆರಡು ವಾರದವು. ಹಾಗಾಗಿ 220632 ಎಂದಿದ್ದರೆ ಜೆನ್ಸನ್ ಸಂಸ್ಥೆಯಲ್ಲಿ ಆರರಲ್ಲಿ ಮುಗಿಯುವ ಇಸವಿಯ 32ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಆದರೆ ಅದು 1946ರ ಆರೋ, 1956ರದೋ? ಇಲ್ಲಿ ಅಂಕಿ ಮೌನವಾಗುತ್ತದೆ, ಕಾಂತ ಮಾತನಾಡುತ್ತದೆ. ಹಿಂದೆ ಕಪ್ಪು ಫೆರೈಟ್ ಬಿಲ್ಲೆಯಿದ್ದರೆ 1946 ಸಾಧ್ಯವಿಲ್ಲ, ಏಕೆಂದರೆ ಸ್ಪೀಕರುಗಳಿಗೆ ಫೆರೈಟ್ ಕಾಂತಗಳು ಬಂದದ್ದೇ 1950ರ ದಶಕದಲ್ಲಿ.

ಇನ್ನು ಜೀರ್ಣೋದ್ಧಾರ. ಕಬ್ಬಿಣದ ನಾಲಗೆಯ ಸ್ಪೀಕರುಗಳಲ್ಲಿ ದೊಡ್ಡ ಶತ್ರು ಸತುವಿನ ಎರಕ. ಅದರಲ್ಲಿ ಸೀಸದ ಕಲ್ಮಷ ಸೇರಿದ್ದರೆ ವರ್ಷಗಳು ಕಳೆದಂತೆ ಲೋಹ ಉಬ್ಬಿ, ಬಿರಿದು, ನಾಲಗೆಯ ಜಾಗವನ್ನೇ ತಪ್ಪಿಸಿಬಿಡುತ್ತದೆ. ಅದಕ್ಕೆ ಅಂಟು ಉಪಯೋಗಕ್ಕೆ ಬಾರದು, ಆ ಭಾಗವನ್ನು ಹೊಸದಾಗಿ ಮಾಡಿಸಲೇಬೇಕು. ಕೂದಲಿಗಿಂತ ತೆಳುವಾದ ತಂತಿಯ ಸುರುಳಿ ಕಡಿದಿದ್ದರೆ ಅನೇಕ ವೇಳೆ ದೋಷವಿರುವುದು ಬೆಸುಗೆಯ ಬಳಿ, ತಾಮ್ರ ಹಸಿರುಗಟ್ಟಿ ಕೊಳೆತಲ್ಲಿ. ಅಲ್ಲಿಗೆ ತಲಪಿದರೆ ಇಡೀ ಸುರುಳಿಯನ್ನು ಬಿಚ್ಚದೆಯೇ ಕೆಲಸವಾಗುತ್ತದೆ.

ಕೈಚಳಕ ಪರೀಕ್ಷೆಗೊಳಗಾಗುವುದು ಮಾತ್ರ ಚಲಿಸುವ ಸುರುಳಿಯನ್ನು ನಡುಮಧ್ಯಕ್ಕೆ ತರುವಾಗ. ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಒತ್ತಿದಾಗ ‘ಕರ್’ ಎಂದು ಉಜ್ಜುವ ಸಪ್ಪಳ ಬಂತೆಂದರೆ, ಒಂದೋ ಕಾಂತದ ಸಂದಿಯಲ್ಲಿ ಕಬ್ಬಿಣದ ಪುಡಿ ಸಿಕ್ಕಿದೆ, ಅಥವಾ ಸುರುಳಿ ಓರೆಯಾಗಿದೆ. ಪುಡಿಯನ್ನು ಊದಿ ತೆಗೆಯಲಾಗದು, ಕಾಂತ ಬಿಡುವುದಿಲ್ಲ. ಅಂಟುಪಟ್ಟಿಯ ತುದಿಯನ್ನು ಸಂದಿಯೊಳಗೆ ಇಳಿಸಿ, ಹಿಡಿದು, ಎತ್ತಬೇಕು. ಓರೆಯಾಗಿದ್ದರೆ ಧೂಳುಮುಚ್ಚಳವನ್ನು ಬಿಡಿಸಿ, ಹಳೆಯ ಫೋಟೋ ಫಿಲ್ಮಿನಿಂದ ಕತ್ತರಿಸಿದ ಕಿರುಪಟ್ಟಿಗಳನ್ನು ಸುತ್ತಲೂ ಸಮಾನ ಅಂತರದಲ್ಲಿ ಸುರುಳಿಗೂ ನಡುಗಂಬಕ್ಕೂ ಮಧ್ಯೆ ತೂರಿಸಿ, ಸುರುಳಿಯನ್ನು ನಡುವೆ ಹಿಡಿದಿಡುವ ಸ್ಪೈಡರಿನ ತಿರುಪುಗಳನ್ನು ಸಡಿಲಿಸಿ ತಾನಾಗಿಯೇ ನೆಲೆಗೊಳ್ಳಲು ಬಿಟ್ಟು, ಮತ್ತೆ ಬಿಗಿದು, ಪಟ್ಟಿಗಳನ್ನು ಒಂದೊಂದಾಗಿ ಎಳೆದುಕೊಳ್ಳಬೇಕು. ಹರಿದ ಕೋನಿಗೆ ತೆಳ್ಳನೆಯ ಟಿಶ್ಯೂ ಕಾಗದವನ್ನು ನೀರುಗೂಡಿಸಿದ ಅಂಟಿನಿಂದ ಹಿಂಬದಿಗೆ ಹಚ್ಚಿದರೆ ಸಾಕು. ದಪ್ಪ ಕಾಗದ, ದಪ್ಪ ಅಂಟು ಕೋನಿನ ತೂಕವನ್ನು ಹೆಚ್ಚಿಸಿ ಮೇಲಿನ ಸ್ವರಗಳನ್ನು ನುಂಗಿಬಿಡುತ್ತವೆ. ಚೌಕಟ್ಟಿಗೆ ಹೊಳೆಯುವ ಬಣ್ಣ ಬಳಿಯುವುದನ್ನು ನಾನು ಒಪ್ಪಲಾರೆ. ಅದರಡಿ ಮುಚ್ಚಿಹೋಗುವುದು ತುಕ್ಕಷ್ಟೇ ಅಲ್ಲ, ಮೇಲೆ ಹೇಳಿದ ಅಂಕಿಗಳೂ ಕೂಡ.

ಇಷ್ಟಾದ ಮೇಲೆ ಸುರುಳಿಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಕಾಲ ತಾಗಿಸಿ, ಕೋನು ಶುದ್ಧವಾಗಿ ‘ಟಕ್’ ಎಂದರೆ, ರೇಡಿಯೋಗೆ ಜೋಡಿಸಿ ಸಣ್ಣ ದನಿಯಲ್ಲಿ ಮೊದಲು ಮಾತನ್ನು, ಬಳಿಕ ಸಂಗೀತವನ್ನು ಕೇಳುವುದು ವಾಡಿಕೆ. ಮಾತಿನಲ್ಲಿ ಬೇಗ ತಿಳಿಯುವುದು ಉಜ್ಜುವಿಕೆ, ಸಂಗೀತದಲ್ಲಿ ಕೋನಿನ ಸೀಳು. ಯಾವ ಭಾಗ ಮೂಲದ್ದು, ಯಾವುದು ಬದಲಾದದ್ದು, ಸುರುಳಿಗಳ ರೋಧವೆಷ್ಟು, ಕೆಲಸ ನಡೆದ ಇಸವಿ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿದರೆ, ಮುಂದೆ ಇದನ್ನು ಬಿಚ್ಚುವ ಕುಶಲಿಗೆ ಈ ಶೋಧವನ್ನು ಮತ್ತೆ ಮೊದಲಿನಿಂದ ಹೂಡಬೇಕಾದ ಪ್ರಮೇಯ ಬರುವುದಿಲ್ಲ.