ತಂತ್ರಾಂಶ ಪರೀಕ್ಷೆ: ಗಂಟೆಗಳ ಕೆಲಸ ನಿಮಿಷಗಳಲ್ಲಿ

2025ರ ಸೆಪ್ಟೆಂಬರ್ 3ರಂದು ಜಿ.ಎಸ್.ಟಿ. ಮಂಡಳಿಯ 56ನೇ ಸಭೆಯು ತೆರಿಗೆ ದರಗಳನ್ನು ಪರಿಷ್ಕರಿಸಿತು. ಹೊಸ ದರಗಳಲ್ಲಿ ಬಹುಪಾಲು ಅದೇ ತಿಂಗಳ 22ರಿಂದಲೇ ಜಾರಿಗೆ ಬಂದವು. ಪೊಟ್ಟಣದ ಎಳನೀರು ಶೇ. 12ರಿಂದ 5ಕ್ಕೆ, ಸಿಮೆಂಟು ಶೇ. 28ರಿಂದ 18ಕ್ಕೆ ಇಳಿದವು. ಗುಬ್ಬಿಯ ಅಂಗಡಿಯಿಂದ ವಸಂತನರಸಾಪುರದ ಕಾರ್ಖಾನೆಯವರೆಗೆ, ಈ ದರಗಳಿಗೆ ಒಳಪಟ್ಟ ಪ್ರತಿಯೊಂದು ಬಿಲ್ಲಿಂಗ್ ತಂತ್ರಾಂಶವೂ ಮೂರು ವಾರದೊಳಗೆ ಸಿದ್ಧವಾಗಬೇಕಿತ್ತು.

ದರದ ಅಂಕಿಯನ್ನು ತಿದ್ದುವುದು ಕ್ಷಣದ ಕೆಲಸ. ಆ ತಿದ್ದುಪಡಿಯಿಂದ ಬೇರೇನೂ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದೇ ಕಷ್ಟ. 22ಕ್ಕೆ ಮುಂಚೆ ಮಾರಿದ ಸರಕು ಅನಂತರ ಹಿಂದಿರುಗಿದರೆ ಕ್ರೆಡಿಟ್ ನೋಟಿನಲ್ಲಿ ಹಳೆಯ ದರವೇ ಬರಬೇಕು. ಇಂತಹ ನೂರಾರು ಸಂದರ್ಭಗಳನ್ನು ತಯಾರಕರು ಸ್ವಯಂಚಾಲಿತ ಪರೀಕ್ಷೆಗಳಿಂದ ನೋಡುತ್ತಾರೆ. ಪರೀಕ್ಷೆ ನಿಧಾನವಾದರೆ ಅದನ್ನು ಮೊಟಕುಗೊಳಿಸುವ ಆಸೆ ಹುಟ್ಟುತ್ತದೆ. ಅದರ ದಂಡ ತೆರುವವನು ವರ್ತಕ.

ಇಂತಹ ಪರೀಕ್ಷೆಗಳನ್ನು ಹಲವೆಡೆ ಶೆಲ್ ಎಂಬ ಆದೇಶಭಾಷೆಯಲ್ಲಿ ಬರೆಯುತ್ತಾರೆ. ಬರೆಯಲು ಸುಲಭ, ಆದರೆ ಓಟ ನಿಧಾನ. ಕಾರಣವಿಷ್ಟೆ: ಸಾಲಿನಿಂದ ಒಂದು ಪದ ಕತ್ತರಿಸುವುದಕ್ಕೂ ಶೆಲ್ ಸಾಮಾನ್ಯವಾಗಿ ಪ್ರತ್ಯೇಕ ಪ್ರೋಗ್ರಾಂ ಒಂದನ್ನು ಎಬ್ಬಿಸುತ್ತದೆ. ಒಂದೊಂದು ತೆಂಗಿನಕಾಯಿ ತರಲೂ ತೋಟಕ್ಕೆ ಹೊಸ ಆಳನ್ನು ಗೊತ್ತುಮಾಡಿ ಕಳುಹಿಸಿದಂತೆ! ಸಾವಿರ ಪರೀಕ್ಷೆಗಳಿದ್ದು, ಒಂದೊಂದೂ ಇನ್ನೂರು ಬಾರಿ ಹೀಗೆ ಎಬ್ಬಿಸಿದರೆ ಒಟ್ಟು ಎರಡು ಲಕ್ಷ ಬಾರಿಯಾಯಿತು. ಪ್ರತಿ ಬಾರಿಗೆ 2 ಮಿಲಿಸೆಕೆಂಡು ಹಿಡಿದರೆ ಏಳು ನಿಮಿಷದೊಳಗೆ ಮುಗಿಯುತ್ತದೆ. 30 ಹಿಡಿದರೆ ನೂರು ನಿಮಿಷ. ಲಿನಕ್ಸ್‌ನಲ್ಲಿ ಚುರುಕಾಗಿ ಓಡುವ ಶೆಲ್ ಪರೀಕ್ಷೆಗಳು ವಿಂಡೋಸ್‌ನಲ್ಲಿ ತೆವಳುವುದಕ್ಕೆ ಮುಖ್ಯ ಕಾರಣ ಇದೇ.

ಆದ್ದರಿಂದ ಮೊದಲ ಚಿಕಿತ್ಸೆ, ಶೆಲ್ ತಾನೇ ಮಾಡಬಲ್ಲ ಕೆಲಸಕ್ಕೆ ಹೊರಗಿನವರನ್ನು ಕರೆಯದಿರುವುದು. ಎರಡನೆಯದು, ಮಾದರಿ ಲೆಕ್ಕಪುಸ್ತಕವನ್ನು ಪ್ರತಿ ಪರೀಕ್ಷೆಗೂ ಹೊಸದಾಗಿ ಕಟ್ಟದೆ, ಒಮ್ಮೆ ಕಟ್ಟಿ ಅದರ ನಕಲನ್ನು ಬಳಸುವುದು. 'ಐದು ಸೆಕೆಂಡು ಕಾಯಿ' ಎಂಬ ಆದೇಶಗಳೂ ಹಳೆಯ ಪರೀಕ್ಷೆಗಳಲ್ಲಿ ಹೇರಳ. ಕೆಲಸ ಮುಗಿದೊಡನೆ ಮುಂದುವರಿಯುವಂತೆ ಇವನ್ನು ತಿದ್ದಿದರೆ ಖರ್ಚಿಲ್ಲದ ಲಾಭ. ಲಿನಕ್ಸ್ ವಿತರಣೆಯಾದ ಉಬುಂಟು 2006ರಲ್ಲಿ ಬ್ಯಾಶ್ ಬದಲಿಗೆ ಹಗುರವಾದ ಡ್ಯಾಶ್ ಅನ್ನು ತನ್ನ ವ್ಯವಸ್ಥಾ ಶೆಲ್ ಆಗಿ ಮಾಡಿಕೊಂಡದ್ದೂ ವೇಗಕ್ಕಾಗಿಯೇ.

ಹಲವು ಪರೀಕ್ಷೆಗಳನ್ನು ಏಕಕಾಲಕ್ಕೆ ಓಡಿಸುವುದು ಅತ್ಯಂತ ಆಕರ್ಷಕ ಉಪಾಯ, ಅಷ್ಟೇ ಅಪಾಯಕಾರಿ ಕೂಡ. ಎರಡು ಪರೀಕ್ಷೆಗಳು ಒಂದೇ ಕಡತದಿಂದ ಬಿಲ್ ಸಂಖ್ಯೆ ಪಡೆದರೆ ಒಂದೇ ಸಂಖ್ಯೆ ಎರಡು ಬಿಲ್ಲಿಗೆ ಬಿದ್ದೀತು. ಆಗ ದೋಷ ತಂತ್ರಾಂಶದ್ದೋ ಪರೀಕ್ಷೆಯದೋ ತಿಳಿಯದು. ಪ್ರತಿಯೊಂದಕ್ಕೂ ಪ್ರತ್ಯೇಕ ಕಡತಕೋಶ ಕೊಟ್ಟ ಮೇಲೆಯೇ ಈ ದಾರಿಗೆ ಇಳಿಯಬೇಕು.

ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಗಿಟ್ ತಂತ್ರಾಂಶದ ಪರೀಕ್ಷೆಗಳು ಬಹುತೇಕ ಶೆಲ್‌ನಲ್ಲಿವೆ. ಅದರ ತಂಡವೂ 2023ರ ಕೊನೆಯಲ್ಲಿ ಒಳಭಾಗಗಳ ಪರೀಕ್ಷೆಗೆ ಸಿ ಭಾಷೆಯ ಚೌಕಟ್ಟನ್ನು ಸೇರಿಸಿಕೊಂಡಿತು; ಬಳಕೆದಾರನ ಕಣ್ಣಿಗೆ ಕಾಣುವ ವರ್ತನೆಯ ಪರೀಕ್ಷೆಯನ್ನು ಶೆಲ್‌ಗೇ ಉಳಿಸಿಕೊಂಡಿದೆ.

ವಾರ್ಷಿಕ ನಿರ್ವಹಣಾ ಕರಾರಿಗೆ ಸಹಿ ಹಾಕುವ ಮುನ್ನ ವರ್ತಕರು ಎರಡು ಪ್ರಶ್ನೆ ಕೇಳಬಹುದು: ದರ ಬದಲಾದಾಗ ಪೂರ್ಣ ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಯಾವುದನ್ನಾದರೂ ಬಿಟ್ಟು ಓಡಿಸುತ್ತೀರಾ? ಎರಡನೆಯದಕ್ಕೆ ಉತ್ತರವನ್ನು ಲಿಖಿತದಲ್ಲೇ ಪಡೆಯುವುದು ಒಳ್ಳೆಯದು.