ಯಂತ್ರದ ಉಸಿರು, ಮನೆಯವರ ಸಂಕಟ

ಹಿಂದೆ ಮರಣ ಮನೆಯೊಳಗೇ ಬರುತ್ತಿತ್ತು. ಹಿರಿಯರು ನಡುಮನೆಯಲ್ಲಿ ಮಲಗಿರುತ್ತಿದ್ದರು. ಬಂಧುಬಳಗ ಸುತ್ತ ನೆರೆದು ಬಾಯಿಗೆ ನೀರು ಬಿಡುತ್ತಿತ್ತು. ಇಂದು ಅದು ಪಟ್ಟಣದ ಆಸ್ಪತ್ರೆಯ ತೀವ್ರ ನಿಗಾ ಘಟಕದ ಗಾಜಿನ ಬಾಗಿಲಿನಾಚೆ ಬರುತ್ತಿದೆ. ಒಳಗೆ ವೆಂಟಿಲೇಟರ್ ಎಂಬ ಯಂತ್ರ ಎದೆಯನ್ನು ಏರಿಸಿ ಇಳಿಸುತ್ತಿರುತ್ತದೆ. ಹೊರಗೆ ಮಕ್ಕಳು ಬಿಲ್ಲಿನ ಚೀಟಿ ಹಿಡಿದು ಕುಳಿತಿರುತ್ತಾರೆ.

ಆ ಯಂತ್ರವನ್ನು ನಾವು ನಿಂದಿಸುವುದಿಲ್ಲ. ನಾಗರಹಾವು ಕಚ್ಚಿದವರು, ಬೆಳೆಗೆ ಹೊಡೆಯುವ ಔಷಧಿ ಕುಡಿದವರು ಅದರಿಂದಲೇ ಬದುಕಿ ಮನೆ ಸೇರಿದ್ದುಂಟು. ಆದರೆ ವಾಸಿಯಾಗುವ ದಾರಿಯೇ ಮುಚ್ಚಿಹೋದಾಗ ಅದು ಬದುಕನ್ನು ಉಳಿಸುತ್ತಿದೆಯೋ, ಸಾವನ್ನು ಎಳೆಯುತ್ತಿದೆಯೋ? "ಯಂತ್ರ ತೆಗೆಸಿದರೆ ಕೊಂದ ಪಾಪ ನಮಗೆ ತಟ್ಟುತ್ತದೆಯೇ ಬುದ್ಧಿ?" ಎಂದು ಕಣ್ಣೀರು ತುಂಬಿ ಕೇಳುವ ಭಕ್ತರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ.

ಈ ಪ್ರಶ್ನೆಯನ್ನು ದೇಶದ ಮುಂದೆ ತಂದು ನಿಲ್ಲಿಸಿದ್ದು ನಮ್ಮ ನಾಡಿನ ಒಬ್ಬ ಹೆಣ್ಣುಮಗಳ ಬಾಳು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯ ನೌಕರನೊಬ್ಬ ಸರಪಳಿಯಿಂದ ಅವರ ಕೊರಳು ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಪ್ರಾಣವಾಯು ತಪ್ಪಿ, ಆಕೆ ನಲವತ್ತೊಂದು ವರ್ಷ ಹಾಸಿಗೆ ಹಿಡಿದರು. ಆಹಾರ ನಿಲ್ಲಿಸಿ ಆಕೆಗೆ ಬಿಡುಗಡೆ ಕೊಡಬೇಕೆಂದು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರ ಮಾರ್ಚಿನಲ್ಲಿ ಒಪ್ಪಲಿಲ್ಲ. ಆಕೆಯನ್ನು ಸಾಕುತ್ತಿದ್ದ ದಾದಿಯರೇ ಬೇಡವೆಂದರು. ಅಷ್ಟು ವರ್ಷ ಮಲಗಿದ ಮೈಗೆ ಬೆನ್ನುಹುಣ್ಣು ಆಗದಂತೆ ನೋಡಿಕೊಂಡ ಕೈಗಳವು. ರಕ್ತಸಂಬಂಧವಿಲ್ಲದವರ ಆ ಸೇವೆಗಿಂತ ದೊಡ್ಡ ದಾಸೋಹ ಯಾವುದು? 2015ರ ಮೇ ತಿಂಗಳಲ್ಲಿ ನ್ಯುಮೋನಿಯಾದಿಂದ ಅರುಣಾ ಕಣ್ಮುಚ್ಚಿದರು.

ಅರ್ಜಿ ಬಿದ್ದುಹೋದರೂ ಅದೇ ತೀರ್ಪಿನಿಂದ ಒಂದು ದಾರಿ ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಒಂದು ಭಾಗವೆಂದು ಸಾರಿತು. 2023ರ ಜನವರಿಯಲ್ಲಿ ಅದರ ನಿಯಮಗಳನ್ನು ಸುಲಭ ಮಾಡಲಾಯಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಸೂಜಿ ಚುಚ್ಚಿ ಸಾಯಿಸುವುದು ಈಗಲೂ ಅಪರಾಧವೇ. ಫಲವಿಲ್ಲದ ಚಿಕಿತ್ಸೆಯನ್ನು ಹಿಂತೆಗೆದು, ರೋಗ ತನ್ನ ಹಾದಿಯಲ್ಲಿ ಸಾಗಲು ಬಿಡುವುದಕ್ಕೆ ಮಾತ್ರ ಅನುಮತಿ. ಕೊಲ್ಲುವ ಕೈ ಬೇರೆ, ಅಡ್ಡಗಟ್ಟುವುದನ್ನು ಬಿಟ್ಟ ಕೈ ಬೇರೆ. ಭಕ್ತರ ಪಾಪದ ಪ್ರಶ್ನೆಗೆ ನಾವು ಕೊಡುವ ಉತ್ತರವೂ ಈ ಭೇದದಲ್ಲಿದೆ.

ಆದರೆ ಯಂತ್ರ ತೆಗೆದ ಮೇಲೆ ರೋಗಿಯನ್ನು ಮೂಲೆಗೆ ತಳ್ಳಿದರೆ ಆ ಭೇದ ಉಳಿಯುವುದಿಲ್ಲ. ನೋವಿಗೆ ಔಷಧಿ, ಒಣಗಿದ ತುಟಿಗೆ ಒದ್ದೆ ಬಟ್ಟೆ, ಮಗ್ಗುಲು ಬದಲಿಸುವುದು, ಪಕ್ಕದಲ್ಲಿ ಕುಳಿತು ಕೈ ಹಿಡಿಯುವುದು ಕೊನೆಯ ಉಸಿರಿನವರೆಗೂ ನಡೆಯಬೇಕು.

ಎರಡು ಆಸೆಬುರುಕತನಗಳನ್ನು ಇಲ್ಲಿ ಹೇಳದೆ ಇರಲಾಗದು. ಹೊಲ ಮಾರಿ ಆಸ್ಪತ್ರೆಗೆ ಸುರಿದ ಮಗನೇ ಮಗ, ಮನೆಗೆ ಕರೆತಂದವನು ಕಟುಕ ಎಂದು ಊರು ತೀರ್ಪು ಕೊಡುತ್ತದೆ. ಆ ಹೊಗಳಿಕೆಯ ಆಸೆಗೇ ಹಲವರು ಸಾಲಕ್ಕೆ ಬೀಳುತ್ತಾರೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಪಾಲಿಗೆ ಕಾದು ಕುಳಿತವರಿಗೆ ಮುದುಕರ ಆಯುಷ್ಯವೇ ಉದ್ದವೆನಿಸುತ್ತದೆ. ಅದಕ್ಕಾಗಿಯೇ ನಿಯಮವು ಮನೆಯವರೊಬ್ಬರ ಮಾತಿಗೆ ಬಿಟ್ಟಿಲ್ಲ. ಮೂವರು ವೈದ್ಯರ ಮಂಡಳಿ ಪರೀಕ್ಷಿಸಬೇಕು. ಅವರಲ್ಲದ ಇನ್ನೂ ಮೂವರ ಮಂಡಳಿ ಒಪ್ಪಬೇಕು. ಮ್ಯಾಜಿಸ್ಟ್ರೇಟರಿಗೆ ಮೊದಲೇ ತಿಳಿಸಬೇಕು.

ಹಿರಿಯರೇ, ಮುಖ್ಯವಾದ ಮಾತು ನಿಮಗೇ ಸೇರಿದ್ದು. ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಮುಂದೆ ಮಾತು ನಿಂತರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡಲು ಅವಕಾಶವಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂಪಡೆಯಬಹುದು. ಹೀಗೆ ಬರೆದರೆ ಮಕ್ಕಳ ತಲೆಯ ಮೇಲಿನ ಹೊರೆ ಇಳಿಯುತ್ತದೆ. ಆದರೆ "ನಾನು ಮನೆಗೆ ಭಾರವಾದೆ" ಎಂಬ ಕೊರಗಿನಿಂದ ಸಹಿ ಹಾಕಬೇಡಿ. ಐವತ್ತು ವರ್ಷ ದುಡಿದು ಸಾಕಿದವರು ಐದು ವರ್ಷ ಸಾಕಿಸಿಕೊಳ್ಳಲು ನಾಚಬೇಕಾಗಿಲ್ಲ. ಯಾರಾದರೂ ಒತ್ತಾಯದಿಂದ ಕಾಗದ ಮುಂದಿಟ್ಟರೆ, ಅಂಥವರನ್ನು ಪ್ರತಿನಿಧಿಯಾಗಿ ಆರಿಸಲೇಬೇಡಿ.

ಸೊಸೆಯಂದಿರನ್ನೂ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಪತ್ರವನ್ನು ಓದಿ ಹೇಳಿರಿ. ಶುಶ್ರೂಷೆ ಮಾಡುವವರು ಅವರೇ ಅಲ್ಲವೇ! ಒಂದು ಪ್ರತಿ ಪ್ರತಿನಿಧಿಯ ಕೈಗೆ, ಒಂದು ಮನೆಯ ವೈದ್ಯರಿಗೆ, ಒಂದು ಪಂಚಾಯತಿಯ ನಿಯೋಜಿತ ಅಧಿಕಾರಿಗೆ ತಲುಪಲಿ. ಟ್ರಂಕಿನ ತಳದಲ್ಲಿ ಇಟ್ಟು ಬೀಗ ಹಾಕಿದರೆ, ನಡುರಾತ್ರಿ ಆಂಬುಲೆನ್ಸು ಬಾಗಿಲಿಗೆ ಬಂದಾಗ ಬೀಗದ ಕೈ ಹುಡುಕುವವರು ಯಾರು?